ಎಡಬದಿಯ ಆಟಗಾರ

ಮಧ್ಯಂತರದ ಸೀಟಿ ಕೇಳಿದ ಕೂಡಲೇ ಚಂದ್ರವ್ವ ಚಾಪೆ ಸುತ್ತಿ ಕಂಕುಳಿಗೆ ಸೇರಿಸಿ ಎದ್ದು ನಿಂತಳು. ಆಟಗಾರರು ನಿಂಬೆಹೋಳು ಚೀಪುತ್ತ ಹುಲ್ಲಿನ ಮೇಲೆ ಕಾಲು ಚಾಚಿದ್ದರು. ಅವರ ನಡುವಿನಿಂದಲೇ ಹಾಯ್ದು, ಮೈದಾನದ ನಟ್ಟನಡುವೆ ಆಕೆ ಆಚೆ ಬದಿಗೆ ನಡೆಯತೊಡಗಿದಳು. ಹಿಂದೆ ಛತ್ರಿ ಮತ್ತು ನೀರಿನ ತಂಬಿಗೆ ಹಿಡಿದು ಸೊಸೆ ಕಾಂತಾ. ಸುತ್ತ ಕೂತ ಮಂದಿ ಆ ಹೊತ್ತಿಗೆ ಶೇಂಗಾ ಸುಲಿಯುವುದನ್ನೂ ನಿಲ್ಲಿಸಿದರು.

ಅರ್ಧ ಆಟ ಮುಗಿದರೆ ತಂಡಗಳು ಬದಿ ಬದಲಿಸುತ್ತವೆ. ಅದರೊಂದಿಗೆ ಎಡಬದಿಯೂ ಆಚೆಗೆ ಹೋಗುತ್ತದೆ. ಮಗ ಆಚೆ ಓಡುವಾಗ ತಾನು ಈಚೆ ಕೂತರೆ ಹೇಗೆ ಎಂಬುದು ಚಂದ್ರವ್ವನ ಮಾತು. ಆ ಮಗ ಕಲ್ಲಯ್ಯನನ್ನು ಮಣ್ಣು ಮಾಡಿ ಎರಡು ಮಳೆಗಾಲ ಕಳೆದಿದ್ದವು.

ಅದು ಎಂಬತ್ತೊಂದರ ಚಳಿಗಾಲ. ಬೆಳಗಾವಿ ಉತ್ತರಕ್ಕೆ ಕೈಕಾಲು ಚಾಚುತ್ತಿದ್ದ ಕಾಲ. ಮಹಾಂತೇಶ ನಗರದಲ್ಲಿ ಗದ್ದೆಗಳ ಮೇಲೆ ಸೈಟಿನ ಕಲ್ಲು ನೆಟ್ಟಿದ್ದರು. ಮನೆಗಳಿಗಿಂತ ಕಲ್ಲುಗಳೇ ಹೆಚ್ಚು. ಅದರ ಅಂಚಿನ ಬಯಲಲ್ಲಿ ಪ್ರತಿ ರವಿವಾರ ಫುಟ್‌ಬಾಲ್ ನಡೆಯುತ್ತಿತ್ತು. ಊರಿನ ಹಳೆಯ ಮಂಡಳದ್ದೇ ತಂಡ. ಕಲ್ಲಯ್ಯ ಅದರ ಎಡಬದಿಯ ಆಟಗಾರ. ಅವನು ಗೆರೆಯ ಗುಂಟ ಚೆಂಡು ಒಯ್ಯುವುದನ್ನು ನೋಡಲಿಕ್ಕೆಂದೇ ಹಿಂಡಲಗಾದಿಂದ ಸೈಕಲ್ ತುಳಿದು ಬರುವವರಿದ್ದರು. ಒಂದು ಶ್ರಾವಣದಲ್ಲಿ ಅವನಿಗೆ ಕಾಮಣಿಯಾಯಿತು. ಕಣ್ಣು ಅರಿಶಿನವಾಯಿತು. ಹುಣ್ಣಿಮೆಯ ಹೊತ್ತಿಗೆ ಮನೆಯಲ್ಲೇ, ಹಾಸಿಗೆಯಲ್ಲೇ, ಹೋಗಿಬಿಟ್ಟ.

ಅವನು ಹೋದ ಮೇಲಿನ ಮೊದಲ ಪಂದ್ಯದಲ್ಲಿ ಮಂಡಳದವರು ಹತ್ತೇ ಜನ ಇಳಿದರು. ಎಡಬದಿಯನ್ನು ಖಾಲಿ ಬಿಟ್ಟರು. ಗೌರವಕ್ಕೆಂದು ಮಾಡಿದ್ದು. ಮೊದಲ ಚೆಂಡನ್ನು ಆ ಖಾಲಿ ಜಾಗಕ್ಕೆ ತಳ್ಳಿದಾಗ ಎದುರು ತಂಡದವರು ಮರ್ಯಾದೆಗೆ ಸರಿದು ನಿಂತರು. ಚೆಂಡು ತನ್ನಷ್ಟಕ್ಕೆ ಉರುಳುತ್ತ ಬಹಳ ದೂರ ಹೋಯಿತು, ಗೆರೆಯ ಮೇಲೆ ಒಂದು ಕ್ಷಣ ತಡೆದು ನಿಂತಿತು. ಯಾರೋ ಕೂಗಿದರು: “ಕಲ್ಲಯ್ಯಾ!” ಬಯಲಿಗೆ ಬಯಲೇ ಆ ಕೂಗು ಎತ್ತಿಕೊಂಡಿತು. ಆ ದಿನ ಮಂಡಳ ಗೆದ್ದಿತು.

ಗೆದ್ದದ್ದೇ ತಪ್ಪಾಯಿತು. ಮುಂದಿನ ವಾರವೂ ಹತ್ತೇ ಜನ ಇಳಿದರು. ಅದರ ಮುಂದಿನ ವಾರವೂ. ಮಂಡಳದ ಕಾರ್ಯದರ್ಶಿ ದುಂಡಪ್ಪ ಮೈಕನ್ನೂ ಕಹಳೆಯಂಥ ಧ್ವನಿವರ್ಧಕ ಕರ್ಣವನ್ನೂ ತರಿಸಿದ. ಚೆಂಡು ಎಡಕ್ಕೆ ಹೊರಳಿತೆಂದರೆ ಅವನ ಕಂಠ ಕರ್ಣದಲ್ಲಿ ಒಡೆಯುತ್ತಿತ್ತು: “ಚೆಂಡು… ಕಲ್ಲಯ್ಯಗ!” ಮಂದಿ ಎದ್ದು ನಿಲ್ಲುತ್ತಿದ್ದರು. ಎದುರಾಳಿಗಳು ಆ ಬದಿಗೆ ಕಾಲಿಡಲು ಹಿಂಜರಿಯುತ್ತಿದ್ದರು. ನೋಡಿದೆವು ಎನ್ನುವವರು ಹುಟ್ಟಿಕೊಂಡರು. ಒಬ್ಬ ಬೂಟಿನ ಸಪ್ಪಳ ಕೇಳಿದ್ದ, ಇನ್ನೊಬ್ಬ ಹುಲ್ಲು ಬಾಗಿದ್ದನ್ನು ಕಂಡಿದ್ದ.

ಕಲ್ಲಯ್ಯನ ಹೆಂಡತಿ ಕಾಂತಾ ಏನೂ ಕಂಡಿರಲಿಲ್ಲ. ಕಾಣಬಾರದೆಂದು ಆಕೆ ಪ್ರತಿ ರವಿವಾರ ಅತ್ತೆಯ ಬೆನ್ನಿನ ಮೇಲೆ ಕಣ್ಣಿಟ್ಟು ಕೂಡುತ್ತಿದ್ದಳು.

ಆ ಸಂಜೆ ಶಿವಬಸವ ನಗರದ ಮನೆಗೆ ಮರಳಿದ ಕೂಡಲೇ ಚಂದ್ರವ್ವ ಅಂದಳು, “ಕಾಂತಾ, ಹಂಡೇದಾಗ ನೀರ ಕಾಸು. ಓಡ್ಯಾಡಿ ಬಂದಾನ, ಮೈ ನೋಯತಿರತೈತಿ.”

ಕಾಂತಾ ಒಲೆಗೆ ಕಟ್ಟಿಗೆ ಇಟ್ಟಳು. ಮೊದಮೊದಲು ವಾದಿಸಿದ್ದಳು. ಈಗ ಸುಮ್ಮನೆ ಕಾಸುತ್ತಿದ್ದಳು. ನೀರು ಕುದಿದು, ಆರಿ, ತಣ್ಣಗಾಗುತ್ತಿತ್ತು. ಬಚ್ಚಲಿನ ಬಾಗಿಲ ಹೊರಗೆ ಅತ್ತೆ ಟವೆಲ್ ಹಿಡಿದು ಕೂತಿರುತ್ತಿದ್ದಳು. ಒಮ್ಮೊಮ್ಮೆ ನಗುತ್ತಿದ್ದಳು, ಒಳಗಿನಿಂದ ಯಾರೋ ಏನೋ ಅಂದಂತೆ.

“ಅತ್ತೀ, ಮಂದಿ ಏನ ಅಂತಾರ ಗೊತ್ತೈತೇನ್ರಿ?” ಕಾಂತಾ ಮೆಲ್ಲಗೆ ಕೇಳಿದಳು. “ಅವರಿಗೆ ದೆವ್ವ ಅಂತಾರ.”

“ಅನ್ನಲಿ ಬಿಡ. ದೆವ್ವ ಅನ್ನೂದು ನಮ್ಮೊಳಗ ಇಲ್ಲ.” ಚಂದ್ರವ್ವ ಕೊರಳಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡಳು. “ಲಿಂಗ ಕಟ್ಟಿದವರು ದೆವ್ವ ಆಗೂದಿಲ್ಲ. ನಮ್ಮಪ್ಪ ಹೇಳತಿದ್ದ.”

“ಹಂಗಾರ ಅಲ್ಲಿ ಓಡಾವರು ಯಾರ್ರಿ?”

“ಯಾರಂದ್ರ? ನನ್ನ ಮಗ.”

ಅತ್ತೆಯ ಲೆಕ್ಕದಲ್ಲಿ ಒಂದು ಬಿರುಕೂ ಇರಲಿಲ್ಲ. ತಲೆಮಾರುಗಳಿಂದ ಆ ಮನೆತನ ದೆವ್ವವನ್ನು ನಂಬಿದ್ದಿಲ್ಲ. ಮಾಟ, ಮಂತ್ರ, ತಾಯತ ಯಾವುದೂ ಹೊಸ್ತಿಲು ದಾಟಿದ್ದಿಲ್ಲ. ಬೇರೆಯವರಾಗಿದ್ದರೆ ಹೆದರಿ ನಿಂಬೆಹಣ್ಣು ಇಳಿಸುತ್ತಿದ್ದರು, ದೆವ್ವವನ್ನು ಓಡಿಸುತ್ತಿದ್ದರು. ಈಕೆಗೆ ಓಡಿಸಲಿಕ್ಕೆ ದೆವ್ವವೇ ಇಲ್ಲ. ಸಾವಿರ ಮಂದಿ ಅವನು ಓಡುತ್ತಾನೆ ಎಂದ ಮೇಲೆ ಓಡುವವನು ಮಗನೇ.

ಹಿತ್ತಿಲ ಕಟ್ಟೆಯ ಮೇಲೆ ಕಿರಿಯ ಮಗ ತಮ್ಮಣ್ಣ ಬಂದು ಕೂತಿದ್ದ. ಅಂಗಿ ಕೆಮ್ಮಣ್ಣು, ಮೊಣಕಾಲು ತರಚಿ ರಕ್ತ. ತಾಯಿ ಅವನ ಕಡೆ ನೋಡಲಿಲ್ಲ. ಅವನಿಗೆ ನೀರು ಬೇಕೇ ಎಂದೂ ಕೇಳಲಿಲ್ಲ.

“ಖಾನಾಪುರಕ್ಕ ಹೋಗಿದ್ದೇನು?” ಅತ್ತಿಗೆ ಕಾಂತಾ ಅರಿಶಿನದ ಬಟ್ಟಲು ಹಿಡಿದು ಬಂದು ಕೇಳಿದಳು.

“ಹೂನ್ ವೈನಿ. ತತ್ತಿ ಚೆಂಡು ಆಡಾಕ.”

ಇಡೀ ಜಿಲ್ಲೆಯಲ್ಲಿ ಆಗ ತತ್ತಿ ಚೆಂಡಿನದೇ ಸುದ್ದಿ. ಸೈನ್ಯದಿಂದ ನಿವೃತ್ತನಾಗಿ ಖಾನಾಪುರಕ್ಕೆ ಬಂದ ಸುಬೇದಾರ ಸಿದರಾಯ ಅದನ್ನು ತಂದಿದ್ದ. ಕಲಕತ್ತೆಯಲ್ಲಿದ್ದಾಗ ಕಲಿತನಂತೆ. ಹೆಸರು ರಗ್ಬಿ, ಚೆಂಡು ಮೊಟ್ಟೆಯಂತೆ ಉದ್ದ, ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯುವುದೋ ದೇವರಿಗೂ ತಿಳಿಯದು. ಕೈಯಲ್ಲಿ ಹಿಡಿದು ಓಡಬೇಕು, ಹಿಡಿದವನನ್ನು ಕೆಡವಬೇಕು. ಹಂಚಿನ ಭಟ್ಟಿಯ ಕೆಲಸಗಾರರು ಮೊದಲು ಆಡಿದರು. ಈಗ ಬೆಳಗಾವಿಯ ಮಂದಿ ರವಿವಾರದ ಪ್ಯಾಸೆಂಜರ್ ರೈಲು ಹತ್ತಿ ಅಲ್ಲಿಗೆ ಹೋಗುತ್ತಿದ್ದರು. ಫುಟ್‌ಬಾಲಿನ ಬಯಲು ಒಂದು ಹಂತದಲ್ಲಿ ಅರ್ಧ ಖಾಲಿಯಾಗಿತ್ತು. ಅದನ್ನು ಮತ್ತೆ ತುಂಬಿಸಿದ್ದು ಕಲ್ಲಯ್ಯ.

ದುಂಡಪ್ಪನಿಗೆ ಅದು ಚೆನ್ನಾಗಿ ಗೊತ್ತಿತ್ತು. ಕಾಂತಾ ಮರುದಿನ ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ ಮುಗಿಸಿ ಅವನ ಬಟ್ಟೆ ಅಂಗಡಿಗೆ ಹೋದಾಗ ಅವನು ಗಾದಿಯಿಂದ ಎದ್ದೇ ನಿಂತ.

“ಬರ್ರಿ ಅಕ್ಕಾರ, ಕುಂದರ್ರಿ. ಏ, ಚಾ ತಾರೋ.”

“ಚಾ ಬ್ಯಾಡ್ರಿ. ಎಡಗಡೆ ಯಾರನ್ನರ ಹಾಕ್ರಿ, ದುಂಡಪ್ಪನವರ. ಹನ್ನೊಂದು ಮಂದಿ ಆಡ್ಸರಿ.”

ಅವನು ಗಜದ ಕಡ್ಡಿಯನ್ನು ಕೆಳಗಿಟ್ಟ. “ಹೆಂಗ ಹಾಕೂದ್ರಿ? ಹಾಕಿದರ ಮಂದಿ ಕಲ್ಲ ಹೊಡಿತಾರ. ಆ ಜಾಗಾ ಕಲ್ಲಯ್ಯಂದು.”

“ಅವರು ಹೋಗ್ಯಾರ್ರಿ.”

“ನಮಗೆಲ್ಲಿ ಹೋಗ್ಯಾನ? ನಮಗ ಪ್ರತಿ ಐತಾರ ಬರತಾನ.” ನಕ್ಕ, ಆಕೆಯ ಮುಖ ನೋಡಿ ನಗೆ ನುಂಗಿದ. “ನಾ ದೆವ್ವ ಗಿವ್ವ ಅಂದಿಲ್ಲರೀ ಅಕ್ಕಾರ, ಮಂದಿ ಅಂತಾರ. ನಾ ಗೌರವ ಅಂದೇನಿ. ಆ ಖಾನಾಪುರದಾವರು ನಮ್ಮ ಮಂದೀನ ರೈಲಿಗೆ ತುಂಬಿಕೊಂಡು ಹೊಂಟಾರ. ಕಲ್ಲಯ್ಯ ಇರಲಿಲ್ಲಂದ್ರ ಈ ಊರಾಗ ಫುಟ್‌ಬಾಲ್ ಮುಗೀತಿತ್ತು. ಬದುಕಿದ್ದಾಗ ಎಷ್ಟು ಆಡಿದನೋ, ಈಗ ಅದಕ್ಕಿಂತ ಚಲೋ ಆಡತಾನ.”

ಕಾಂತಾಗೆ ಹೇಳಬೇಕೆನಿಸಿದ್ದು ಒಂದೇ ಮಾತು. ಕಾಮಣಿ ಹೆಚ್ಚಾದ ಆ ವಾರ ಕಲ್ಲಯ್ಯ ಆಕೆಯ ಕೈ ಹಿಡಿದು ಅಂದಿದ್ದ: ಓಡಿ ಓಡಿ ಸಾಕಾಗೇತಿ ಕಾಂತಾ, ಈ ಸಲ ಗುಣಾ ಆದರೂ ನಾ ಮೈದಾನಕ್ಕ ಇಳಿಯಾಂವಲ್ಲ. ಅವನ ಮಂಡಿಯ ನೋವು ಆಕೆಗೊಬ್ಬಳಿಗೇ ಗೊತ್ತಿತ್ತು. ಅವನನ್ನು ಈಗ ವಾರ ವಾರ ಎಬ್ಬಿಸಿ ಓಡಿಸುತ್ತಿದ್ದರು. ಮನೆಯಲ್ಲಿ ಅವನ ತಾಯಿ ಅವನಿಗಾಗಿ ನೀರು ಕಾಸಿಸಿ ಕಾಯುತ್ತ ದಿನಕ್ಕಿಷ್ಟು ಸವೆಯುತ್ತಿದ್ದಳು. ಇದು ನಿಲ್ಲದಿದ್ದರೆ ಅತ್ತೆಯೂ ಉಳಿಯುವುದಿಲ್ಲ, ಅವನಿಗೂ ಬಿಡುಗಡೆಯಿಲ್ಲ. ಆದರೆ ಆ ಮಾತನ್ನು ಬಟ್ಟೆ ಅಂಗಡಿಯಲ್ಲಿ ಆಡಿದರೆ ಮುಂದಿನ ರವಿವಾರ ಮೈಕಿನಲ್ಲಿ ಕೇಳಬೇಕಾದೀತೆಂದು ಆಕೆ ನುಂಗಿಕೊಂಡಳು.

ಮುಂದಿನ ರಜೆಯಲ್ಲಿ ಅತ್ತೆಯನ್ನು ಪಕ್ಕದ ಮನೆಯ ನಿಂಗವ್ವನಿಗೆ ಒಪ್ಪಿಸಿ ಖಾನಾಪುರದ ರೈಲು ಹತ್ತಿದಳು. ಭಟ್ಟಿಯ ಹೊಗೆಯ ಕೆಳಗೆ ಕೆಮ್ಮಣ್ಣಿನ ಬಯಲು. ಎರಡೂ ತುದಿಗೆ ಎತ್ತರದ ಜೋಡುಕಂಬ. ನಡುವೆ ಹದಿನೈದು ಹದಿನೈದು ಗಂಡಸರ ಎರಡು ತಂಡ; ಅವರಲ್ಲಿ ಎಂಟೆಂಟು ಮಂದಿ ಭುಜಕ್ಕೆ ಭುಜ ಕೊಟ್ಟು, ತಲೆ ತಗ್ಗಿಸಿ, ಒಂದೇ ಮೈಯಾಗಿ ದಬ್ಬುತ್ತಿದ್ದರು. ಉಸಿರು ಹೊಗೆಯಾಗಿ ಮೇಲೇಳುತ್ತಿತ್ತು. ಆಕೆಗೆ ಭಯವಾಗಲಿಲ್ಲ, ಅಲ್ಲಿ ಎಲ್ಲವೂ ಮೈ, ಬೆವರು, ಬೈಗುಳ. ಖಾಲಿ ಜಾಗವೇ ಇರಲಿಲ್ಲ.

ಸಿದರಾಯ ಕುರುಬರ ಮನೆತನದವನು, ಮೀಸೆ ಬೆಳ್ಳಗಾಗಿದ್ದರೂ ನಡು ಬಗ್ಗಿರಲಿಲ್ಲ. ಆಕೆಯ ಮಾತು ಪೂರ್ತಿ ಕೇಳಿದ.

“ತಂಗೆವ್ವಾ, ನಿಮ್ಮ ದುಂಡಪ್ಪಗ ಒಂದು ಸತ್ತ ಆಟಗಾರ ಸಿಕ್ಕಾನ, ನನಗ ಮೂವತ್ತು ಜೀವಂತ ಇದ್ದರೂ ಅಂವನ ಸರಿ ಆಗವಲ್ಲರು. ನಮ್ಮ ಹುಡುಗರು ಅಂತಾರ, ಸುಬೇದಾರ್ರ, ನಮಗೂ ಒಬ್ಬನ್ನ ಹುಡುಕ್ರಿ ಅಂತ. ಹಂಚಿನ ಭಟ್ಟ್ಯಾಗ ಬಿದ್ದು ಸತ್ತಾವರು ಯಾರರ ಇದ್ದಾರೇನ ಅಂತ ಕೇಳಾಕ ಹತ್ತ್ಯಾರ.” ಅವನು ನಗಲಿಲ್ಲ. “ಒಪ್ಪಿದೆ ಅಂದ್ರ ಇದಕ್ಕ ಕಡೀನ ಇಲ್ಲ.”

ಆಟ ಮುಗಿಸಿ ತಮ್ಮಣ್ಣ ಬಂದ. ಕಾಂತಾ ಕೇಳಿಯೇಬಿಟ್ಟಳು: “ಮಂಡಳಕ್ಕ ಬಾ. ಎಡಗಡೆ ನೀ ನಿಂದರು. ತಮ್ಮ ಅಂದ್ರ ಮಂದಿ ಒಪ್ಪತಾರ. ಅವ್ವಗೂ ನೀ ಕಾಣತಿ.”

“ನಾ ನಿಂತರೂ ಅಕಿ ಅಣ್ಣನ್ನ ನೋಡತಾಳ ವೈನಿ. ಇಷ್ಟು ದಿನಾ ಮನ್ಯಾಗ ಇದ್ದೇನಿ, ಒಮ್ಮೆರ ಕಂಡೇನೇನ? ಅಣ್ಣನ ಹೊಟ್ಟ್ಯಾಗ ಹೋಗಿ ನಿಂದರು ಅಂತೀರಿ.” ಅವನು ಮೊಣಕಾಲಿನ ಮಣ್ಣು ಕೆರೆಯುತ್ತ ಅಂದ, “ಇಲ್ಲಿ ಕೆಡವತಾರ. ಕೆಡವಿದರ ನಾ ಅದೇನಿ ಅಂತ ಗೊತ್ತಾಕ್ಕೈತಿ.”

ಆಕೆ ಬಂದ ದಾರಿಗೇ ಮರಳಿದಳು.

ಸಂಕ್ರಾಂತಿಯ ಹೊತ್ತಿಗೆ ಎರಡೂ ಕಡೆಯ ಹಿರಿಯರು ಒಂದು ಮಾತಿಗೆ ಬಂದರು. ಮಹಾಂತೇಶ ನಗರದ ಬಯಲು ಸಿದರಾಯನಿಗೂ ಬೇಕಾಗಿತ್ತು. ಸುತ್ತ ಮನೆಗಳು ಏಳುತ್ತಿದ್ದವು, ಮುಂದಿನ ಮಂದಿಯೆಲ್ಲ ಅಲ್ಲೇ. ಎರಡು ತಂಡಗಳ ನಡುವೆ ಒಂದು ಪಂದ್ಯ. ಮೊದಲರ್ಧ ಫುಟ್‌ಬಾಲ್, ಎರಡನೆಯ ಅರ್ಧ ತತ್ತಿ ಚೆಂಡು. ಮಂದಿ ಯಾವ ಅರ್ಧಕ್ಕೆ ಕೂತಿರುತ್ತಾರೋ, ಯಾವುದಕ್ಕೆ ಎದ್ದುಹೋಗುತ್ತಾರೋ ನೋಡಿ ರವಿವಾರ ಯಾರದೆಂದು ತೀರ್ಮಾನ.

ಹಿಂದಿನ ದಿನ ತಮ್ಮಣ್ಣ ಮಾತಿಲ್ಲದೆ ಉಂಡ. ಕೈ ತೊಳೆಯುವಾಗ ಕಾಂತಾಗೆ ಮಾತ್ರ ಕೇಳುವಂತೆ ಅಂದ, “ನಾಳೆ ಮೊದಲನೇ ಅರ್ಧಕ್ಕ ಸುಬೇದಾರ ನನ್ನ ಬಲಗಡೆ ಹಿಂದ ನಿಂದರಸ್ಯಾರ.”

ಎದುರು ತಂಡದ ಬಲಗಡೆಯ ಕಾವಲುಗಾರನ ಕೆಲಸ ಒಂದೇ: ಎಡಬದಿಯ ಆಟಗಾರನನ್ನು ತಡೆಯುವುದು.

“ಯಾರನ್ನ ತಡೀತಿ?” ಕಾಂತಾ ಕೇಳಿದಳು.

“ಬಂದರ ತಡೀತೇನಿ. ಬರಲಿಲ್ಲಂದ್ರ ಎಲ್ಲಾರಿಗೂ ಕಾಣತೈತಲ್ಲ.”

ಪಂದ್ಯದ ದಿನ ಸೈಟಿನ ಕಲ್ಲುಗಳ ಮೇಲೂ ಮಂದಿ ನಿಂತಿದ್ದರು. ಅರ್ಧ ಖಾನಾಪುರ ರೈಲಿಳಿದು ಬಂದಿತ್ತು. ಕನ್ನಡ ಮರಾಠಿ ಎರಡರಲ್ಲೂ ಕೆಣಕಾಟ ನಡೆದಿತ್ತು. “ಏ ತತ್ತಿಯವರ, ಕಾವು ಕುಂತು ಮರಿ ಮಾಡ್ರೋ!” ಎಂದು ಈಚೆಯವರು. “ನಿಮ್ಮ ಹನ್ನೊಂದನೇದಾಂವ ಬಸ್ ತಪ್ಪಸ್ಯಾನೇನ್ರೋ?” ಎಂದು ಆಚೆಯವರು. ಆದರೆ ಆ ಪ್ರಶ್ನೆ ಕೇಳಿದವನ ದನಿ ಕೊನೆಗೆ ಇಳಿದುಹೋಯಿತು. ಪಕ್ಕದವರು ಅವನ ತೋಳು ಹಿಡಿದರು.

ಚಂದ್ರವ್ವ ಎಡಗೆರೆಯ ಅಂಚಿಗೆ ಚಾಪೆ ಹಾಸಿ ಕೂತಿದ್ದಳು. ಆಕೆಯ ಕಣ್ಣುಗಳು ಮೈದಾನದ ಮೇಲೆ ಅತ್ತಿಂದಿತ್ತ ಹರಿಯುತ್ತಿದ್ದವು, ಓಡುವ ಒಬ್ಬನನ್ನು ಹಿಂಬಾಲಿಸುವಂತೆ.

ಸೀಟಿ. ಚೆಂಡು ನಡುವಿನಿಂದ ಹಿಂದಕ್ಕೆ, ಹಿಂದಿನಿಂದ ಎಡಕ್ಕೆ. ಕರ್ಣ ಮೊಳಗಿತು: “ಚೆಂಡು… ಕಲ್ಲಯ್ಯಗ!”

ತಮ್ಮಣ್ಣ ಸರಿಯಲಿಲ್ಲ. ಎರಡು ಹೆಜ್ಜೆ ಮುಂದೆ ಬಂದು ಚೆಂಡಿನ ಮೇಲೆ ಕಾಲಿಟ್ಟ.

ಎಲ್ಲಿಂದಲೋ ಒಬ್ಬ, “ಬಿಡೋ! ಅಣ್ಣಗ ಬಿಡೋ!” ಎಂದು ಕೂಗಿದ. ಇನ್ನೊಬ್ಬ, ಮತ್ತೊಬ್ಬ. ಖಾನಾಪುರದವರೂ ಕೂಗುತ್ತಿದ್ದುದನ್ನು ಕಾಂತಾ ಕಂಡಳು. ಚಂದ್ರವ್ವ ಎದ್ದು ನಿಂತಿದ್ದಳು. ಆಕೆಯ ದನಿ ದೊಡ್ಡದಿರಲಿಲ್ಲ. ಅಂಗಳದಲ್ಲಿ ಜಗಳಾಡುವ ಮಕ್ಕಳಿಗೆ ಅಡುಗೆಮನೆಯಿಂದ ಗದರಿದಂತಿತ್ತು.

“ತಮ್ಮಣ್ಣಾ, ಕೊಡೋ ಅಂವಗ. ಸಣ್ಣಾಂವ ಇದ್ದಾಗಿಂದ ನಿಂದು ಇದ ಆತು. ಅಂವನ ಚೆಂಡು, ಕೊಡು.”

ತಮ್ಮಣ್ಣ ತಾಯಿಯನ್ನು ನೋಡಿದ. ಎಷ್ಟೋ ದಿನಗಳ ಮೇಲೆ ಆಕೆ ಅವನ ಹೆಸರು ಹಿಡಿದಿದ್ದಳು. ಅವನ ಮುಖ ಮುದುಡಿತು. ಕಾಲನ್ನು ಚೆಂಡಿನಿಂದ ತೆಗೆದ. ಬಗ್ಗದೆ, ಬೂಟಿನ ತುದಿಯಿಂದ ಮೆಲ್ಲಗೆ ತಳ್ಳಿ, ಖಾಲಿ ಜಾಗದ ಮುಂದೆ ಚೆಂಡು ನಿಲ್ಲಿಸಿ, ಹಿಂದೆ ಸರಿದ.

ಚೆಂಡು ಅಲ್ಲೇ ನಿಂತಿತ್ತು. ಯಾರೂ ಅದರ ಹತ್ತಿರ ಹೋಗಲಿಲ್ಲ. ಸಾವಿರಾರು ಜನ ಚೆಂಡು ಕದಲುವುದನ್ನು ಕಾಯುತ್ತಿದ್ದರು. ಕದಲಿದರೆ ಅತ್ತೆಯನ್ನು ಇನ್ನು ಯಾರೂ ಹಿಂದಕ್ಕೆ ತರಲಾರರು ಎಂದು ಕಾಂತಾಗೆ ಹೊಳೆಯಿತು. ಗಾಳಿಗೆ ಕದಲಿದರೂ ಅಷ್ಟೇ.

ಆಕೆ ಛತ್ರಿ ಕೆಳಗಿಟ್ಟಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸುಣ್ಣದ ಗೆರೆ ದಾಟಿದಳು. ಯಾರೂ ತಡೆಯಲಿಲ್ಲ. ಚೆಂಡಿನ ಹಿಂದೆ, ಕಲ್ಲಯ್ಯ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಮಂದಿಯ ಕಡೆ ತಿರುಗಿದಳು.

ಎಲ್ಲರೂ ಅತ್ತಲೇ ನೋಡುತ್ತಿದ್ದರು. ಆದರೆ ಆಕೆಯನ್ನಲ್ಲ. ಅಷ್ಟೂ ಕಣ್ಣುಗಳು ಆಕೆಯ ಎಡಭುಜದ ಮೇಲಿಂದ ಹಾಯ್ದು, ಒಂದು ಮೊಳ ಹಿಂದೆ ನೆಟ್ಟಿದ್ದವು.

ಕಾಂತಾ ಕಿವಿಗೊಟ್ಟಳು. ಎಕ್ಸ್‌ಚೇಂಜಿನಲ್ಲಿ ವರ್ಷಗಟ್ಟಲೆ ತಂತಿಗೆ ಕಿವಿ ಹಚ್ಚಿದವಳು. ಆಚೆ ತುದಿಯಲ್ಲಿ ಯಾರೂ ಇಲ್ಲದ ಮೌನ ಬೇರೆ. ಯಾರೋ ಇದ್ದು, ಮಾತಾಡದೆ ನಿಂತ ಮೌನ ಬೇರೆ. ಎರಡನೆಯದಕ್ಕೆ ಒಂದು ಭಾರವಿರುತ್ತದೆ. ಬೆನ್ನ ಹಿಂದೆ ಆ ಭಾರವಿತ್ತು. ಓಡಿ ದಣಿದವನ ಉಸಿರು ಇಷ್ಟಿಷ್ಟೇ ನಿಧಾನವಾಗುವಂತೆ ಏನೋ ಇಳಿಯುತ್ತಿತ್ತು. ತಿರುಗಬೇಕೆಂದು ಕೊರಳು ತಾನಾಗಿಯೇ ಹೊರಳಹೊರಟಿತು. ಆಕೆ ಹಲ್ಲು ಕಚ್ಚಿ ಮುಂದಕ್ಕೇ ನೋಡಿದಳು.

“ಸಾಕು ಮಾಡ್ರಿ,” ಎಂದಳು, ತುಟಿ ಅಲ್ಲಾಡಿಸದಂತೆ. “ನೀವು ಹೋಗ್ರಿ. ನಾ ನಿಂತೇನಿ.”

ಆಮೇಲೆ ಬಗ್ಗಿ ಎರಡೂ ಕೈಗಳಿಂದ ಚೆಂಡನ್ನು ಎತ್ತಿಕೊಂಡಳು.

ಚುರ್ರೆಂದು ಸೀಟಿ ಕೂಗಿತು. ರೆಫ್ರಿ ರಾಯಪ್ಪ ಯೋಚಿಸಿ ಊದಿದ್ದಲ್ಲ. ಮೈದಾನದೊಳಗೆ ಕೈ ಚೆಂಡಿಗೆ ತಾಗಿದರೆ ಊದುವ ಅಭ್ಯಾಸ. ತೋಳು ಚಾಚಿ ಆಕೆಯ ಕಡೆಗೇ ಬೆರಳು ಮಾಡಿದ: “ಹ್ಯಾಂಡ್!” ತಾನು ಮಾಡಿದ್ದು ಏನೆಂದು ಹೊಳೆದು ಸೀಟಿ ಬಾಯಲ್ಲೇ ಕಚ್ಚಿಕೊಂಡು ನಿಂತ. ಎರಡು ವರ್ಷದಲ್ಲಿ ಎಡಬದಿಯ ಆಟಗಾರನ ಮೇಲೆ ಊದಿದ ಮೊದಲ ಸೀಟಿ ಅದು. ಆ ಬೆರಳಿನ ಗುಂಟ ಮಂದಿಯ ಕಣ್ಣುಗಳು, ಒಂದೊಂದಾಗಿ, ಸರಿದು ಬಂದು ಆಕೆಯ ಮೇಲೆ ಕೂತವು. ಕಾಂತಾಗೆ ನಾಚಿಕೆಯಾಯಿತು. ಆ ನಾಚಿಕೆಯಿಂದಲೇ ಮೈ ಬೆಚ್ಚಗಾಯಿತು.

ಚಂದ್ರವ್ವ ಬರಿಗೈಯಲ್ಲಿ ಗೆರೆ ದಾಟಿ ಬಂದಳು. ಸೊಸೆಯ ಮುಂದೆ ನಿಂತು, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ನೋಡಿದಳು.

“ಯಾರ ಮ್ಯಾಲ ಊದಿದಾ ಅಂವ?”

“ನನ್ನ ಮ್ಯಾಲ್ರಿ ಅತ್ತಿ.”

“ಇಲ್ಲಿ ನೀ ನಿಂತಿದ್ದೇನ?”

“ಹೂನ್ರಿ.”

“ಒಬ್ಬಾಕಿನ?”

ಕಾಂತಾ ಮಾತನ್ನು ತೂಗಿ ಆಡುವವಳು. ಅತ್ತೆಗೆ ಈವರೆಗೆ ಒಂದು ಸಣ್ಣ ಸುಳ್ಳನ್ನೂ ಹೇಳಿದ್ದಿಲ್ಲ. ಬೆನ್ನ ಹಿಂದೆ ಈಗ ಏನಿದೆ, ಏನಿಲ್ಲ ಎಂದು ಒಮ್ಮೆ ತಿರುಗಿ ನೋಡಿ ಉತ್ತರಿಸಬಹುದಿತ್ತು. ಆಕೆ ತಿರುಗಲಿಲ್ಲ.

“ಒಬ್ಬಾಕಿನ ಇದ್ದೆ ಅತ್ತಿ. ಬ್ಯಾರೆ ಯಾರೂ ಇರಲಿಲ್ಲ.”

ಚಂದ್ರವ್ವ ಆ ಮಾತನ್ನು ನಿಂತಲ್ಲೇ ಕೇಳಿಸಿಕೊಂಡಳು. ಆಕೆಯ ಕೈ ಎದೆಗೆ ಹೋಯಿತು, ಕೆಳಗಿಳಿಯಿತು. ಗಂಟಲಿನಿಂದ ಸಣ್ಣದೊಂದು ದನಿ ಬಂತು. ಮಗನನ್ನು ಮಣ್ಣಿಗಿಟ್ಟ ದಿನ ಬರದೆ ಉಳಿದಿದ್ದ ಅಳು ಅದು. ಕಾಂತಾ ಚೆಂಡನ್ನು ಸೊಂಟಕ್ಕೊತ್ತಿಕೊಂಡು ಇನ್ನೊಂದು ಕೈಯಿಂದ ಆಕೆಯನ್ನು ಹಿಡಿದಳು. ಓಡಿಬಂದ ತಮ್ಮಣ್ಣ ಏನು ಮಾಡಲೂ ತೋಚದೆ ಎದುರಿಗೆ ನಿಂತ.

“ನಿನ್ನ ಮಣಕಾಲಿಗೆ ಏನಾತೋ ಯಪ್ಪಾ?” ಚಂದ್ರವ್ವ ಅಳುತ್ತಲೇ ಕೇಳಿದಳು. “ಯಾವಾಗ ಒಡಕೊಂಡಿ?”

“ಭಾಳ ದಿನಾ ಆತವ್ವಾ,” ಎಂದ ಅವನು.

ಮೂವರೂ ಗೆರೆಯ ಕಡೆ ನಡೆದರು. ಮಂದಿ ಎದ್ದು ಹೋಗಲಿಲ್ಲ, ಕೂಗಲೂ ಇಲ್ಲ. ಯಾವ ಆಟಕ್ಕಾಗಿ ಕೂತಿದ್ದೇವೆಂಬುದು ಅವರಿಗೇ ಮರೆತಂತಿತ್ತು. ದಾರಿ ಬಿಟ್ಟು ಸರಿದರು. ಹಾಗೆ ಸರಿಯುವಾಗ ಮುದುಕನೊಬ್ಬ, ಆ ಮೂವರು ದಾಟಿದ ಮೇಲೂ, ಹಿಂದೆ ಇನ್ನೊಬ್ಬರು ದಾಟಿಹೋಗಲು ಸಾಕಾಗುವಷ್ಟು ಹೊತ್ತು ದಾರಿ ಬಿಟ್ಟೇ ನಿಂತಿದ್ದ. ಕಾಂತಾ ಅದನ್ನು ಕಂಡಳು. ಅತ್ತೆಯ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಮುಂದೆ ನೋಡುತ್ತ ನಡೆದಳು.